ಮುರಮಸನ ಅಲಗು

ಜಪಾನಿನ ಕತ್ತಿಗಳ ಮಾತು ಬಂದರೆ ಹೇಳದೆ ಬಿಡದ ಕತೆಯೊಂದುಂಟು. ಮಸಮುನೆಯ ಕತ್ತಿಯನ್ನೂ ಮುರಮಸನ ಕತ್ತಿಯನ್ನೂ ಹರಿಯುವ ತೊರೆಯಲ್ಲಿ ನಿಲ್ಲಿಸಿದರಂತೆ. ತೇಲಿಬಂದ ಎಲೆಗಳನ್ನೆಲ್ಲ ಮುರಮಸನದು ಸೀಳಿಹಾಕಿತು. ಮಸಮುನೆಯದರ ಬಳಿ ಬಂದ ಎಲೆಗಳು ಪಕ್ಕಕ್ಕೆ ಸರಿದು ಮುಂದೆ ಹೋದುವು. ಆತ ಸಾತ್ತ್ವಿಕ, ಈತ ತಾಮಸ ಎಂದು ತೀರ್ಪು. ಕತೆ ಸೊಗಸಾಗಿದೆ. ಆದರೆ ಮಸಮುನೆ ಬಾಳಿದ್ದು 14ನೆಯ ಶತಮಾನದ ಆದಿಭಾಗದಲ್ಲಿ. ಮುರಮಸನ ಹೆಸರೂ ತೇದಿಯೂ ಇರುವ ಅಲಗುಗಳಲ್ಲಿ ಹಳೆಯದು 1501ರದು.

ಕವಿಯ ಚರಿತ್ರೆಯನ್ನು ಮುಂದಿಟ್ಟುಕೊಂಡು ಕಾವ್ಯವನ್ನು ಹಿಂದಿಡುವ ಚಾಳಿ ನಮ್ಮ ವಿಮರ್ಶೆಯಲ್ಲೂ ಉಂಟಷ್ಟೆ. ಮುರಮಸನ ಪಾಲಿಗೆ ಚರಿತ್ರೆಯೂ ಅಷ್ಟಾಗಿ ದೊರೆಯದು. ಇಸೆ ಪ್ರಾಂತದ ಕುವಾನದಲ್ಲಿ ಕುಲುಮೆ ಹೂಡಿದ್ದ. ಮುಂದಿನ ತಲೆಮಾರಿನವರೂ ಅದೇ ಹೆಸರನ್ನು ಅಲಗಿನಲ್ಲಿ ಕೊರೆದರು. (ಹೆಸರಿನಲ್ಲಿ ‘ಮಸೆ’ಯ ಧ್ವನಿ ಕೇಳಿ ಕನ್ನಡಿಗರು ಮೋಸಹೋಗಬಾರದು, ಅದು ಬರಿಯ ಕಾಕತಾಳೀಯ.) ಅವನು ಹುಚ್ಚ, ರಕ್ತಪಿಪಾಸು ಎಂಬುದೆಲ್ಲ ಆಮೇಲಿನವರ ಕೂಡಿಕೆ. ನಮಗೆ ಉಳಿದಿರುವುದು ಉಕ್ಕು ಮಾತ್ರ.

ಅದನ್ನೇ ನೋಡೋಣ. ಜಪಾನಿನ ಕಮ್ಮಾರ ಕಬ್ಬಿಣದ ಮರಳಿನಿಂದ ಪಡೆದ ಉಕ್ಕನ್ನು ಮಡಿಸಿ ಬಡಿದು, ಮತ್ತೆ ಮಡಿಸಿ ಬಡಿಯುತ್ತಾನೆ. ಹತ್ತು ಮಡಿಕೆಗೆ ಪದರಗಳು ಸಾವಿರ ದಾಟುತ್ತವೆ. ಅಲಗಿನ ರೂಪ ಬಂದ ಮೇಲೆ ಜೇಡಿಮಣ್ಣಿನ ಲೇಪ: ಬೆನ್ನಿಗೆ ದಪ್ಪ, ಬಾಯಿಗೆ ತೆಳು. ಕೆಂಪಗೆ ಕಾಯಿಸಿ ನೀರಿಗಿಳಿಸಿದಾಗ ಬಾಯಿ ತಟ್ಟನೆ ತಣಿದು ಗಡುಸಾಗುತ್ತದೆ. ಬೆನ್ನು ಸಾವಕಾಶವಾಗಿ ತಣಿದು ಮೆದುವಾಗಿಯೇ ಉಳಿಯುತ್ತದೆ, ಪೆಟ್ಟನ್ನು ತಾಳುತ್ತದೆ. ಹೊಳಪಿಟ್ಟಾಗ ಇವೆರಡೂ ಕೂಡುವೆಡೆಯಲ್ಲಿ ಬೆಳ್ಳನೆಯ ಗೆರೆಯೊಂದು ಕಾಣುತ್ತದೆ. ಅದಕ್ಕೆ ‘ಹಮೊನ್’ ಎಂದು ಹೆಸರು. ಕಮ್ಮಾರನ ಕೈಬರಹವೆಂದರೆ ಅದೇ.

ಮುರಮಸನ ಹಮೊನ್ ಅಲೆಯಲೆಯಾಗಿ ಏಳುತ್ತದೆ. ತಗ್ಗಿದಲ್ಲಿ ಬಾಯಿಯ ಅಂಚನ್ನು ಇನ್ನೇನು ಮುಟ್ಟಿತು ಎನ್ನುವಷ್ಟು ಇಳಿಯುತ್ತದೆ. ಅಲ್ಲಿ ಗಡುಸು ಭಾಗ ಕೂದಲೆಳೆಯಷ್ಟೇ. ಇಷ್ಟು ಧೈರ್ಯ ಎಲ್ಲ ಕಮ್ಮಾರರಿಗೂ ಬರುವುದಿಲ್ಲ. ಇದಕ್ಕಿಂತ ಹೆಚ್ಚಿನದು, ಅಲಗಿನ ಒಂದು ಮಗ್ಗುಲಿನ ಅಲೆ ಇನ್ನೊಂದು ಮಗ್ಗುಲಿನ ಅಲೆಗೆ ಸರಿಹೊಂದುವುದು. ಲೇಪವನ್ನು ಎರಡು ಮಗ್ಗುಲಿಗೂ ಬೇರೆಬೇರೆಯಾಗಿ ಹಚ್ಚಬೇಕು. ಮಿಕ್ಕದ್ದನ್ನು ಬೆಂಕಿಗೂ ನೀರಿಗೂ ಒಪ್ಪಿಸಬೇಕು. ಹಾಗಿದ್ದೂ ಅವು ಹೊಂದಿದುವೆಂದರೆ ಆಕಸ್ಮಿಕವಲ್ಲ, ಉನ್ಮತ್ತನ ಕೆಲಸವಂತೂ ಅಲ್ಲವೇ ಅಲ್ಲ. ಹಿಡಿಯೊಳಗೆ ಹುದುಗಿ ಯಾರ ಕಣ್ಣಿಗೂ ಬೀಳದ ಬಾಲವನ್ನು ಸಹ ಮೀನಿನ ಹೊಟ್ಟೆಯಂತೆ ಉಬ್ಬಿಸಿ ತಿದ್ದಿದ್ದಾನೆ. 1513ರ ಅಲಗೊಂದರ ಮೇಲೆ ಕೊರೆದಿರುವುದು ಸದ್ಧರ್ಮಪುಂಡರೀಕ ಸೂತ್ರದ ಹೆಸರು. ತಾಮಸನೆನ್ನುವವರು ಅದನ್ನೊಮ್ಮೆ ನೋಡಬೇಕು.

ಹೊಗಳಿಕೆ ಮಿತಿಮೀರುವುದೂ ಬೇಡ. ಕಾಮಕುರಾ ಕಾಲದ ಬಿಜೆನ್ ಅಲಗುಗಳ ಮೈಯಲ್ಲಿರುವ ನಯ ಇವನ ಉಕ್ಕಿನಲ್ಲಿಲ್ಲ. ದೇಶವೆಲ್ಲ ಕಾದಾಟದಲ್ಲಿ ಮುಳುಗಿದ್ದ ಕಾಲ ಅದು. ಕೊಳ್ಳುವವರು ಕೇಳಿದ್ದು ಕಡಿಯುವ ಕತ್ತಿ, ಅದನ್ನು ಕೊಟ್ಟ.

ಇನ್ನು ಶಾಪದ ಮಾತು. ತೊಕುಗಾವಾ ಇಯೆಯಾಸುವಿನ ಅಜ್ಜ ಕಿಯೊಯಾಸು 1535ರಲ್ಲಿ ತನ್ನ ಬಂಟನ ಕೈಯಲ್ಲೇ ಹತನಾದ. ಆ ಕತ್ತಿ ಮುರಮಸನದೆಂದು ಪ್ರತೀತಿ. ಆ ಮನೆತನದ ಮೇಲೆ ಬಂದ ಇತರ ಕೇಡುಗಳನ್ನೂ ಇದೇ ಹೆಸರಿಗೆ ಕಟ್ಟಿದರು. ಆದರೆ ಅವರ ನಾಡಾದ ಮಿಕಾವಾ ಇಸೆಗೆ ದೂರದ್ದಲ್ಲ; ಅಲ್ಲಿಯ ಯೋಧರ ಸೊಂಟದಲ್ಲಿ ಮುರಮಸನ ಕತ್ತಿ ಇದ್ದದ್ದರಲ್ಲಿ ಏನು ಸೋಜಿಗ? ಸ್ವತಃ ಇಯೆಯಾಸುವಿನ ಸ್ವತ್ತಾಗಿದ್ದ ಮುರಮಸ ಕತ್ತಿಯೊಂದು ನಗೋಯಾದ ತೊಕುಗಾವಾ ಕಲಾಸಂಗ್ರಹಾಲಯದಲ್ಲಿದೆ. ಶಾಪಕ್ಕೆ ಅಂಜಿದವನು ಅದನ್ನು ವಂಶಕ್ಕೆ ಉಳಿಸಿ ಹೋಗುತ್ತಿದ್ದನೆ?

ಕತೆಯಿಂದ ಆದ ನಷ್ಟ ಮಾತ್ರ ನಿಜವಾದದ್ದು. ತೊಕುಗಾವಾ ಆಳಿಕೆಯಲ್ಲಿ ಈ ಅಲಗುಗಳನ್ನು ಇಟ್ಟುಕೊಳ್ಳಲು ಹೆದರಿದವರು ಬಾಲದ ಮೇಲಿನ ಹೆಸರನ್ನು ಅರದಿಂದ ಉಜ್ಜಿದರು, ಇಲ್ಲವೆ ಅಕ್ಷರ ತಿದ್ದಿ ಬೇರೆ ಹೆಸರು ಮಾಡಿದರು. 19ನೆಯ ಶತಮಾನದಲ್ಲಿ ಆ ಆಳಿಕೆಯನ್ನು ಕೆಡವಹೊರಟವರು ಅದೇ ಕತೆಯನ್ನು ನಂಬಿ ಮುರಮಸನನ್ನು ಹುಡುಕತೊಡಗಿದಾಗ, ಅವನು ಮುಟ್ಟದ ಅಲಗುಗಳ ಮೇಲೂ ಅವನ ಹೆಸರು ಮೂಡಿತು.