‘ಶಿಕಾರಿ’ಯೂ ದಿವಾಳಿಯ ಹೊಣೆಯೂ

ಯಶವಂತ ಚಿತ್ತಾಲರ ‘ಶಿಕಾರಿ’ಯಲ್ಲಿ (1979) ಮುಂಬಯಿಯ ಕಂಪನಿಯೊಂದರ ಅಧಿಕಾರಿ ನಾಗಪ್ಪ ತನ್ನವರ ಸಂಚಿಗೆ ಸಿಕ್ಕಿ ಬೇಟೆಯ ಮೃಗವಾಗುತ್ತಾನೆ. ಆ ಭಯವನ್ನು ಕನ್ನಡದಲ್ಲಿ ಇಷ್ಟು ಒಳಹೊಕ್ಕು ಬರೆದವರು ವಿರಳ. ಆದರೆ ಕಂಪನಿ ಮುಳುಗಿದರೆ ಹೊಣೆ ಯಾರದು? ಬೆನ್ನಟ್ಟಿಸಿಕೊಂಡು ಓಡುವವನಿಗೆ ಈ ಪ್ರಶ್ನೆ ಕಾಣಿಸದು. ಇದನ್ನು ಕೃತಿಯ ದೋಷವೆಂದು ನಾನು ಹೇಳಲಾರೆ. ಮುಂದಿನವರಿಗೆ ಉಳಿದ ಕೆಲಸವೆನ್ನುತ್ತೇನೆ.

ವಸ್ತುವಿಗೆ ಬರವಿಲ್ಲ. ಬೆಂಗಳೂರಿನ ಕಿಂಗ್‌ಫಿಷರ್ ಏರ್‌ಲೈನ್ಸ್ 2012ರಲ್ಲಿ ಹಾರಾಟ ನಿಲ್ಲಿಸಿದಾಗ ನೌಕರರಿಗೆ ತಿಂಗಳುಗಟ್ಟಲೆ ಸಂಬಳ ಬಾಕಿಯಿತ್ತು. ಕಂಪನಿಯ ಸಾಲ ಕಂಪನಿಗೇ ಸೇರಿದ್ದು, ಷೇರುದಾರನ ಹೊಣೆ ಷೇರಿನಷ್ಟೇ ಎಂಬುದು ಕಾನೂನು. ವಿಜಯ್ ಮಲ್ಯರನ್ನು ಕಟ್ಟಿಹಾಕಿದ್ದು 2010ರಲ್ಲಿ ಅವರೇ ಬರೆದುಕೊಟ್ಟ ಜಾಮೀನು. 2016ರ ಮಾರ್ಚಿಯಲ್ಲಿ ಅವರು ದೇಶ ಬಿಟ್ಟರು. ನವೆಂಬರಿನಲ್ಲಿ ಕರ್ನಾಟಕ ಹೈಕೋರ್ಟು ಕಂಪನಿಯನ್ನು ಮುಚ್ಚುವಂತೆ ಆಜ್ಞೆ ಮಾಡಿತು. 2022ರಲ್ಲಿ ಸುಪ್ರೀಂ ಕೋರ್ಟು ನ್ಯಾಯಾಂಗ ನಿಂದನೆಗಾಗಿ ಅವರಿಗೆ ನಾಲ್ಕು ತಿಂಗಳ ಸಜೆ ವಿಧಿಸಿತು. ಬ್ಯಾಂಕುಗಳಿಗೆ 14,131 ಕೋಟಿ ರೂಪಾಯಿ ಮರಳಿದೆಯೆಂದು 2024ರ ಡಿಸೆಂಬರಿನಲ್ಲಿ ಹಣಕಾಸು ಸಚಿವರು ಲೋಕಸಭೆಗೆ ತಿಳಿಸಿದರು.

ಕಡೂರಿನ ತೆಂಗಿನ ತೋಟದವನಿಗೆ, ತರೀಕೆರೆಯ ಅಡಕೆಯವನಿಗೆ, ಅಜ್ಜಂಪುರದ ಈರುಳ್ಳಿ ಬೆಳೆಗಾರನಿಗೆ ಕಂಪನಿಯೆಂಬ ಮರೆಯಿಲ್ಲ. ರುಜು ಹಾಕಿದರೆ ಹೊಲವೇ ಉತ್ತರ ಹೇಳಬೇಕು. ಈ ಸಾಲಗಾರನ ಸಂಕಟವನ್ನು ನಮ್ಮ ಕಾದಂಬರಿಗಳು ಚೆನ್ನಾಗಿ ಬಲ್ಲವು. ಮರೆಯ ಹಿಂದೆ ಕುಳಿತು ರುಜು ಹಾಕುವವನ ಮನಸ್ಸನ್ನು ಅವು ಇನ್ನೂ ಹೊಕ್ಕು ನೋಡಿಲ್ಲ. ಹಣದ ಲೆಕ್ಕವನ್ನು ನ್ಯಾಯಾಲಯ ತೀರಿಸಬಲ್ಲದು. ಪರರ ದುಡಿಮೆಯನ್ನು ಪಣಕ್ಕೊಡ್ಡುವಾಗ ಆತ ತನಗೆ ತಾನೇ ಏನು ಹೇಳಿಕೊಂಡ ಎಂಬುದನ್ನು ಕಾದಂಬರಿಕಾರನೇ ವಿಚಾರಿಸಬೇಕು.