ಅಭಿಮಾನವೋ ಆರಾಧನೆಯೋ?

2021ರ ಅಕ್ಟೋಬರ್ 31, ಭಾನುವಾರ. ಬೆಂಗಳೂರಿನ ಕಂಠೀರವ ಸ್ಟುಡಿಯೋದಲ್ಲಿ ಪುನೀತ್ ರಾಜಕುಮಾರ್ ಅವರ ಅಂತ್ಯಕ್ರಿಯೆ ಬೆಳಗಿನ ಹೊತ್ತಿನಲ್ಲೇ ಮುಗಿದಿತ್ತು. ನಮ್ಮ ಬೆಟಗೇರಿಯ ಮನೆಯಲ್ಲಿ ಚರ್ಚಿಗೆ ಹೊರಡುವ ಗಡಿಬಿಡಿ. ಡಿಗ್ರಿ ಓದುತ್ತಿದ್ದ ಮಗ ಮಾತ್ರ ಟಿ.ವಿ. ಮುಂದಿನಿಂದ ಏಳಲಿಲ್ಲ. ಎರಡು ದಿನದಿಂದ ನೆಟ್ಟಗೆ ಊಟ ಮಾಡಿರಲಿಲ್ಲ. ಬೈಬಲ್ ವಚನದ ಕ್ಯಾಲೆಂಡರಿನ ಪಕ್ಕದಲ್ಲಿ ಅಪ್ಪುವಿನ ದೊಡ್ಡ ಚಿತ್ರವನ್ನು ಅಂಟಿಸಿ, ಅದರ ಕೆಳಗೆ ಒಂದು ಮೇಣದಬತ್ತಿ ಹಚ್ಚಿಟ್ಟಿದ್ದ.

ನಾನು ಏನೂ ಮಾತಾಡದೆ ಬತ್ತಿ ಆರಿಸಿದೆ, ಚಿತ್ರ ತೆಗೆದು ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಅವನು ಕೂಗಾಡಲಿಲ್ಲ. “ಅವ್ವಾ, ನಾ ಅವ್ರನ್ನ ದೇವ್ರು ಅಂದೇನೇನು? ಒಳ್ಳೆ ಮನಶ್ಯಾ ಹೋದಾ ಅಂತ ಅಳಾಕತ್ತೇನಿ” ಎಂದ. ನಾನು ಒಬ್ಬಳೇ ಚರ್ಚಿಗೆ ಹೋದೆ. ಅಂದು ಯಾವ ಗೀತೆ ಹಾಡಿದೆವು, ಯಾವ ಪ್ರಸಂಗ ಕೇಳಿದೆವು ಎಂಬುದು ನನಗೆ ನೆನಪಿಲ್ಲ. ಅವನ ಮಾತು ಮಾತ್ರ ನೆನಪಿದೆ. ಅನಂತರ ಹದಿನೈದು ದಿನ ಅವನು ನನ್ನೊಡನೆ ಅಗತ್ಯಕ್ಕಿಂತ ಒಂದು ಮಾತೂ ಹೆಚ್ಚಾಗಿ ಆಡಲಿಲ್ಲ.

ನಾವು ಬೆಳೆದ ರೀತಿಯೇ ಹಾಗಿತ್ತು. ಸಿನಿಮಾ ಎಂದರೆ ‘ಲೋಕದ್ದು’. ಪರೀಕ್ಷೆಗೆ ಮುಂಚೆ ಪ್ರಾರ್ಥನೆ ಮಾಡಿಸುತ್ತಿದ್ದ ಅಪ್ಪ, ಅಣ್ಣನ ಜೇಬಿನಲ್ಲಿ ಥಿಯೇಟರಿನ ಹರಿದ ಟಿಕೆಟ್ ಸಿಕ್ಕ ದಿನ ಬೆತ್ತ ಹಿಡಿದಿದ್ದರು. ಅಣ್ಣ ಸಿನಿಮಾ ಬಿಡಲಿಲ್ಲ. ಅಪ್ಪನಿಗೆ ನಿಜ ಹೇಳುವುದನ್ನು ಬಿಟ್ಟ. ಬೇಡವೆಂದು ಬೀಗ ಹಾಕುವವರು ಕಳೆದುಕೊಳ್ಳುವುದು ಇದನ್ನೇ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಅಪ್ಪನ ಕೆಲಸವನ್ನೇ ನಾನೂ ಮಾಡಿದ್ದೆ.

ಕಪಾಟಿಗೆ ಬೀಗ ಹಾಕಿದ ನಾನೇ ನಮ್ಮ ಶಾಲೆಯ ಮಕ್ಕಳಿಗೆ ‘ಬೆಟ್ಟದ ಹೂವು’ ತೋರಿಸಿದವಳು. 1985ರ ಆ ಚಿತ್ರದಲ್ಲಿ ಬಡ ಹುಡುಗ ರಾಮುವಾಗಿ ನಟಿಸಿದ್ದಕ್ಕೆ ಬಾಲಕ ಪುನೀತ್ ರಾಷ್ಟ್ರಪ್ರಶಸ್ತಿ ಪಡೆದರು. ಎನ್. ಲಕ್ಷ್ಮೀನಾರಾಯಣ್ ನಿರ್ದೇಶಿಸಿದ ಆ ಕಥೆಯಲ್ಲಿ ರಾಮುವಿಗೆ ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ ಕೊಳ್ಳಬೇಕೆಂಬ ಆಸೆ. ಕಾಡಿನಲ್ಲಿ ಹೂ ಹುಡುಕಿ ಕಾಸಿಗೆ ಕಾಸು ಕೂಡಿಸುತ್ತಾನೆ. ಕೊನೆಗೆ ಹಣ ಕೈಗೆ ಬಂದಾಗ ಪುಸ್ತಕ ಕೊಳ್ಳದೆ, ಚಳಿಯಲ್ಲಿ ನಡುಗುವ ಮನೆಯವರಿಗಾಗಿ ಕಂಬಳಿ ತರುತ್ತಾನೆ. ಅದನ್ನು ನೋಡುವಾಗಲೆಲ್ಲ ನನಗೆ ನೆನಪಾಗುವುದು ಎರಡು ಕಾಸು ಕಾಣಿಕೆ ಹಾಕಿದ ಬಡ ವಿಧವೆಯ ಕಥೆ. ಭಾನುವಾರದ ಶಾಲೆಯಲ್ಲಿ ನಾನು ಹತ್ತು ಸಲ ಹೇಳಿ ಮುಟ್ಟಿಸಲಾಗದ್ದನ್ನು ಆ ಹುಡುಗನ ಮುಖ ಒಂದೇ ಸಲಕ್ಕೆ ಮುಟ್ಟಿಸಿತ್ತು. ಇದನ್ನು ‘ಲೋಕದ್ದು’ ಎಂದು ತಳ್ಳಿಹಾಕಿದರೆ ಒಳ್ಳೆಯದೆಲ್ಲ ದೇವರಿಂದಲೇ ಬರುತ್ತದೆಂಬ ನಮ್ಮ ನಂಬಿಕೆಗೇನು ಅರ್ಥ?

ಇದು ನಮ್ಮ ಹಿರಿಯರಿಗೂ ತಿಳಿದಿತ್ತು. ಬಾಸೆಲ್ ಮಿಶನ್ನಿನ ಕಿಟ್ಟೆಲ್ ಸಾಹೇಬರು 1862ರಲ್ಲಿ ‘ಕಥಾಮಾಲೆ’ ಬರೆದಾಗ ಕ್ರಿಸ್ತನ ಜೀವನವನ್ನು ನಮ್ಮ ನೆಲದ ಛಂದಸ್ಸಿನಲ್ಲೇ ಹೇಳಿದರು. ನಾಗವರ್ಮನ ‘ಛಂದೋಂಬುಧಿ’ಯನ್ನು ಸಂಪಾದಿಸಿ 1875ರಲ್ಲಿ ಪ್ರಕಟಿಸಿದರು. ನಾಗವರ್ಮ ಕ್ರೈಸ್ತನಲ್ಲ ಎಂದು ಅವರು ಪುಸ್ತಕ ಮುಚ್ಚಿಡಲಿಲ್ಲ. ಅಥೇನೆಯಲ್ಲಿ ಪೌಲನೂ ಆ ಊರಿನವರು ಬಲ್ಲ ಕವಿಗಳ ಮಾತನ್ನೇ ಹಿಡಿದು ತನ್ನ ಮಾತು ಮುಂದುವರಿಸಿದ.

ಹಾಗಾದರೆ ನನ್ನ ಭಯ ಬರೀ ಹಳೆಯ ಕಾಲದ ಭಯವೇ? ಅಲ್ಲ.

2024ರ ಜನವರಿ 8. ನಟ ಯಶ್ ಅವರ ಹುಟ್ಟುಹಬ್ಬ. ನಮ್ಮದೇ ಗದಗ ಜಿಲ್ಲೆಯ ಸೂರಣಗಿಯಲ್ಲಿ ಕಟೌಟ್ ನಿಲ್ಲಿಸಲು ಹೋದ ಮೂವರು ಯುವಕರು ವಿದ್ಯುತ್ ತಗುಲಿ ಸತ್ತರು. ಯಶ್ ಅಂದೇ ಊರಿಗೆ ಬಂದು ಆ ಮನೆಗಳವರನ್ನು ಕಂಡರು, ಇಂಥ ಅಭಿಮಾನ ಬೇಡವೆಂದು ಕೇಳಿಕೊಂಡರು. ಆದರೆ ಆ ಮೂರು ಮನೆಯ ತಾಯಂದಿರಿಗೆ ಯಾರು ಬಂದು ಏನು ಹೇಳಿದರೇನು? ಅಂದು ರಾತ್ರಿ ನನ್ನ ಮಗ ಮನೆಗೆ ಬರುವುದು ಅರ್ಧ ತಾಸು ತಡವಾಯಿತು. ಆ ಅರ್ಧ ತಾಸು ನಾನು ಹೇಗಿದ್ದೆನೆಂದು, ಮಕ್ಕಳನ್ನು ಹೆತ್ತ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

2006ರಲ್ಲಿ ಡಾ. ರಾಜಕುಮಾರ್ ತೀರಿಕೊಂಡದ್ದು ಏಪ್ರಿಲ್ 12ರಂದು. ನಮಗೆ ಅದು ಪವಿತ್ರ ವಾರದ ಬುಧವಾರ. ಶುಭ ಶುಕ್ರವಾರಕ್ಕೆ ಎರಡೇ ದಿನ. ಅಭಿಮಾನಿಗಳನ್ನೇ ದೇವರೆಂದು ಕರೆದು ಕೈಮುಗಿಯುತ್ತಿದ್ದ ಆ ಸರಳ ಮನುಷ್ಯನ ಸಾವಿನ ಸುತ್ತ ಬೆಂಗಳೂರಿನಲ್ಲಿ ಕಲ್ಲು ಹಾರಿದವು, ವಾಹನ ಉರಿದವು, ಜೀವಗಳು ಹೋದವು. ಸತ್ತವರಲ್ಲಿ ಒಬ್ಬ ಪೊಲೀಸರೂ ಇದ್ದರು. ಗರಿ ಹಿಡಿದು ಹೊಸನ್ನ ಎಂದು ಜಯಕಾರ ಹಾಕಿದ ಊರೇ ಐದು ದಿನಕ್ಕೆ ಶಿಲುಬೆಗೆ ಹಾಕಿಸೆಂದು ಕೂಗಿದ ಕಥೆಯನ್ನು ನಾವು ಆ ವಾರವೇ ಓದುತ್ತಿದ್ದೆವು. ಇನ್ನು 2025ರ ಜೂನ್ 4ರಂದು ಕ್ರಿಕೆಟ್ ತಂಡವೊಂದರ ಗೆಲುವಿನ ಸಂಭ್ರಮಕ್ಕೆ ಹೋದ ಹನ್ನೊಂದು ಜನ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ಕಾಲ್ತುಳಿತಕ್ಕೆ ಸಿಕ್ಕಿ ಸತ್ತರು. ಅಲ್ಲಿ ವ್ಯವಸ್ಥೆಯ ಲೋಪದ ಪ್ರಶ್ನೆಯೂ ಇದೆ. ಎಲ್ಲವನ್ನೂ ಅಭಿಮಾನಿಗಳ ತಲೆಗೇ ಕಟ್ಟುವುದು ನ್ಯಾಯವಲ್ಲ. ಆದರೂ ಗುಂಪಿನಲ್ಲಿ ಮನುಷ್ಯ ತನ್ನನ್ನು ತಾನು ಮರೆಯುತ್ತಾನೆ ಎಂಬುದು ಸುಳ್ಳಲ್ಲ.

ಅಪೊಸ್ತಲರ ಕೃತ್ಯಗಳ ಹದಿನಾಲ್ಕನೆಯ ಅಧ್ಯಾಯವನ್ನು ನಾನು ಈಗ ಬೇರೆ ಕಣ್ಣಿನಿಂದ ಓದುತ್ತೇನೆ. ಲುಸ್ತ್ರ ಎಂಬ ಊರಿನಲ್ಲಿ ಕುಂಟನೊಬ್ಬ ಎದ್ದು ನಡೆದದ್ದನ್ನು ಕಂಡು ಜನ ಪೌಲ ಬಾರ್ನಬರನ್ನು ದೇವರೆಂದೇ ತಿಳಿದು, ಎತ್ತು ಹಾರಗಳನ್ನು ತಂದು ಬಲಿ ಕೊಡಲು ಬರುತ್ತಾರೆ. ಇವರಿಬ್ಬರೂ ಬಟ್ಟೆ ಹರಿದುಕೊಂಡು, ನಾವೂ ನಿಮ್ಮಂಥ ಮನುಷ್ಯರೇ ಎಂದು ಗೋಗರೆಯುತ್ತಾರೆ. ಮುಂದೆ ಅದೇ ಜನ ಬೇರೆಯವರ ಮಾತು ಕೇಳಿ ಪೌಲನಿಗೆ ಕಲ್ಲು ಹೊಡೆದು, ಸತ್ತನೆಂದು ಊರ ಹೊರಗೆ ಎಳೆದುಹಾಕುತ್ತಾರೆ. ಹಾರಕ್ಕೂ ಕಲ್ಲಿಗೂ ನಡುವೆ ದೂರ ಬಹಳವಿಲ್ಲ. ಮನುಷ್ಯನನ್ನು ದೇವರನ್ನಾಗಿ ಮಾಡುವುದು ದೇವರಿಗಷ್ಟೇ ಅಲ್ಲ, ಆ ಮನುಷ್ಯನಿಗೂ ಮಾಡುವ ಅನ್ಯಾಯ. ಅವನಿಗೆ ತಪ್ಪುವ ಹಕ್ಕಿಲ್ಲ, ದಣಿಯುವ ಹಕ್ಕಿಲ್ಲ. ಸತ್ತರೆ ಮನೆಯವರು ಮೌನವಾಗಿ ಕಳಿಸಿಕೊಡುವ ಹಕ್ಕೂ ಇಲ್ಲ.

ಆದರೆ ಈ ಕಲ್ಲನ್ನು ಹೊರಗಿನವರ ಮೇಲೆ ಎಸೆಯುವ ಮುಂಚೆ ನಮ್ಮ ಅಂಗಳ ನೋಡಿಕೊಳ್ಳೋಣ. ಕೊರಿಂಥದ ಸಭೆಯಲ್ಲಿ ನಾನು ಪೌಲನವನು, ನಾನು ಅಪೊಲ್ಲೋಸನವನು ಎಂದು ಗುಂಪು ಕಟ್ಟಿದ್ದರಲ್ಲ, ಅವರು ಅಭಿಮಾನಿ ಸಂಘದವರಲ್ಲದೆ ಮತ್ತೇನು? ಕೆಲವು ವರ್ಷಗಳ ಹಿಂದೆ ನಾನು ಕಂಡ ಒಂದು ಸುವಾರ್ತಾ ಕೂಟದ ಫ್ಲೆಕ್ಸಿನಲ್ಲಿ ಪ್ರಸಂಗಿಯ ಮುಖ ಆಳೆತ್ತರ, ಶಿಲುಬೆ ಮೂಲೆಯಲ್ಲಿ ಗೇಣುದ್ದ. ಕೂಟ ಮುಗಿದ ಮೇಲೆ ಅವರ ಜೊತೆ ಫೋಟೋ ತೆಗೆಸಿಕೊಳ್ಳಲು ನೂಕುನುಗ್ಗಲು. ಸಾಲಿನಲ್ಲಿ ನಾನೂ ಇದ್ದೆ, ಸುಳ್ಳೇಕೆ ಹೇಳಲಿ?

ಅಭಿಮಾನ ಎಂಬುದು ನಮ್ಮ ಭಾಷೆಯ ಒಳ್ಳೆಯ ಪದ. ಅದರಲ್ಲಿ ಪ್ರೀತಿಯೂ ಇದೆ, ಹೆಮ್ಮೆಯೂ ಇದೆ. ಸ್ವಾಭಿಮಾನದ ಒಳಗೂ ಅದೇ ಕುಳಿತಿದೆ. ಅದನ್ನು ಬಿಟ್ಟುಬಿಡಿ ಎಂದು ಮಕ್ಕಳಿಗೆ ನಾನು ಹೇಳಲಾರೆ. ಆದರೆ ಅಭಿಮಾನಿಗೂ ಶಿಷ್ಯನಿಗೂ ವ್ಯತ್ಯಾಸವಿದೆ. ಅಭಿಮಾನಿ ಜಯಕಾರ ಹಾಕುತ್ತಾನೆ, ಶಿಷ್ಯ ಬದುಕು ಬದಲಿಸಿಕೊಳ್ಳುತ್ತಾನೆ. ಯೇಸುವಿನ ಸುತ್ತ ನೆರೆದ ಸಾವಿರಾರು ಜನರಲ್ಲಿ ಅಭಿಮಾನಿಗಳೇ ಹೆಚ್ಚು. ಶಿಲುಬೆಯ ಬಳಿ ಉಳಿದವರು ಬೆರಳೆಣಿಕೆಯವರು, ಅವರಲ್ಲೂ ಹೆಚ್ಚಿನವರು ಹೆಂಗಸರು.

ಪುನೀತ್ ಅವರ ಎರಡು ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂತು. ತಂದೆ ರಾಜಕುಮಾರ್ ಅವರೂ ನೇತ್ರದಾನ ಮಾಡಿದವರೇ. ಆ ಸುದ್ದಿ ತಿಳಿದ ಬಳಿಕ ನಾಡಿನಾದ್ಯಂತ ಎಷ್ಟೋ ಜನ ನೇತ್ರದಾನಕ್ಕೆ ಹೆಸರು ಕೊಟ್ಟರು. ಮಾತು ಬಿಟ್ಟ ಹದಿನೈದು ದಿನ ಕಳೆದ ಮೇಲೆ ಮಗ ನನ್ನ ಮುಂದೆ ಒಂದು ಕಾಗದ ತಂದಿಟ್ಟ. ನೇತ್ರದಾನದ ಅರ್ಜಿ. ಸಾಕ್ಷಿಗೆ ನನ್ನ ಸಹಿ ಬೇಕಿತ್ತು.

ಪಕ್ಕದಲ್ಲಿ ಕುಳಿತಿದ್ದ ನಮ್ಮ ಅತ್ತೆಯವರು, “ಪುನರುತ್ಥಾನದ ದಿನ ಕಣ್ಣಿಲ್ದ ಹೆಂಗ ಏಳ್ತಿಯೋ?” ಎಂದರು. “ಆಯೀ, ಮಣ್ಣಾಗಿ ಹೋದವ್ರನ್ನ ಎಬ್ಬಸಾಂವಗ ಎರಡು ಕಣ್ಣು ಕೊಡೂದು ಕಷ್ಟ ಆಗತೈತೇನು?” ಎಂದ ಅವನು. ಅದು ಅವನಿಗೆ ಸಿನಿಮಾದಿಂದ ಬಂದ ಮಾತಲ್ಲ, ನಮ್ಮ ಮನೆಯ ಬೈಬಲಿನಿಂದ ಬಂದದ್ದು. ಅದನ್ನು ಹೇಳುವ ಧೈರ್ಯ ಮಾತ್ರ ಆ ನಟನ ಪ್ರೀತಿಯಿಂದ ಬಂದಿತ್ತು.

ಸಹಿ ಹಾಕಿದೆ. ಇನ್ನೊಂದು ಅರ್ಜಿ ತರಲು ಹೇಳಿ ನನ್ನ ಹೆಸರನ್ನೂ ತುಂಬಿದೆ. ಕಪಾಟಿನ ಬೀಗ ತೆಗೆದು ಚಿತ್ರವನ್ನು ಅವನ ಕೈಗೆ ಕೊಟ್ಟೆ. ಅವನು ಅದನ್ನು ಮೊದಲಿನ ಜಾಗದಲ್ಲಿ ಹಾಕಲಿಲ್ಲ. ತೀರಿಹೋದ ನಮ್ಮ ಮಾವನವರ ಫೋಟೋದ ಪಕ್ಕದಲ್ಲಿ ಒಂದು ಮೊಳೆ ಹೊಡೆದ. ನಾವು ಪ್ರೀತಿಸಿದ ಮನುಷ್ಯರ ಸಾಲು ಅದು. ಮೇಣದಬತ್ತಿಯನ್ನು ಅವನೂ ಹಚ್ಚಲಿಲ್ಲ, ನಾನೂ ಆ ಮಾತು ಎತ್ತಲಿಲ್ಲ.