ಸೋಮನಾಥಪುರದ ತೆನೆ: ಶಾಸ್ತ್ರಾಂತರ ಸಂಶೋಧನೆಯಲ್ಲಿ ಪ್ರಮಾಣದ ಪ್ರಶ್ನೆ

ಸೋಮನಾಥಪುರದ ಕೇಶವ ದೇವಾಲಯದ ಹೊರಭಿತ್ತಿಯಲ್ಲಿರುವ ಕೆಲವು ವಿಗ್ರಹಗಳ ಕೈಯಲ್ಲಿ ನೀಳವಾದ, ತುದಿಯತ್ತ ಕಿರಿದಾಗುವ, ಮೈತುಂಬ ಕಾಳಿನಂಥ ಉಬ್ಬುಗಳುಳ್ಳ ಒಂದು ವಸ್ತುವಿದೆ. ಹೊಯ್ಸಳ ದೊರೆ ಮೂರನೆಯ ನರಸಿಂಹನ ದಂಡನಾಯಕನಾದ ಸೋಮನಾಥನು 13ನೆಯ ಶತಮಾನದಲ್ಲಿ ಈ ಗುಡಿಯನ್ನು ಕಟ್ಟಿಸಿದನು. ಆ ವಸ್ತು ಮೆಕ್ಕೆಜೋಳದ ತೆನೆಯೇ ಎಂದು ಅಮೆರಿಕದ ಆರೆಗಾನ್ ವಿಶ್ವವಿದ್ಯಾಲಯದ ಭೂಗೋಳಶಾಸ್ತ್ರಜ್ಞ ಕಾರ್ಲ್ ಜೊಹಾನೆಸೆನ್ ಅವರು ಆನ್ ಪಾರ್ಕರ್ ಅವರೊಡನೆ 1989ರಲ್ಲಿ 'ಎಕನಾಮಿಕ್ ಬಾಟನಿ' ಪತ್ರಿಕೆಯಲ್ಲಿ ವಾದಿಸಿದರು. ಮೆಕ್ಕೆಜೋಳದ ತವರು ಮೆಕ್ಸಿಕೊ. ಕೊಲಂಬಸನು ಅಮೆರಿಕವನ್ನು ಮುಟ್ಟಿದ್ದು 1492ರಲ್ಲಿ. ಈ ವಾದವನ್ನು ಒಪ್ಪಿದರೆ ಅದಕ್ಕೆ ಎರಡು ಶತಮಾನಗಳಿಗೂ ಮೊದಲೇ ಆ ಬೆಳೆ ಕನ್ನಡ ನಾಡಿಗೆ ಬಂದಿತ್ತೆಂದು ಒಪ್ಪಬೇಕಾಗುತ್ತದೆ.

ಈ ವಾದಕ್ಕೆ ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಪಾಯಕ್ ಮತ್ತು ಸಚಾನ್ ಅವರು 1988ರಲ್ಲಿ 'ನೇಚರ್'ನಲ್ಲಿಯೂ 1993ರಲ್ಲಿ 'ಎಕನಾಮಿಕ್ ಬಾಟನಿ'ಯಲ್ಲಿಯೂ ಪ್ರತಿವಾದ ಹೂಡಿದರು. ಅವರ ಪ್ರಕಾರ ಅದು ತೆನೆಯಲ್ಲ, ಮುತ್ತುಗಳಿಂದ ಕೂಡಿದ ಕಾಲ್ಪನಿಕ ಫಲವಾದ 'ಮುಕ್ತಾಫಲ'. ಚರ್ಚೆ ಅಲ್ಲಿಗೆ ಮುಗಿಯಿತೆಂದು ಹಲವರು ಭಾವಿಸಿದ್ದಾರೆ. ನಾವು ತೀರ್ಪನ್ನು ಒಪ್ಪುತ್ತೇವೆ. ತೀರ್ಪಿಗೆ ಕೊಟ್ಟ ಎಲ್ಲ ಕಾರಣಗಳನ್ನು ಒಪ್ಪುವುದಿಲ್ಲ. ಸಸ್ಯಶಾಸ್ತ್ರ, ಶಿಲ್ಪಶಾಸ್ತ್ರ, ಆರ್ಥಿಕ ಇತಿಹಾಸ ಮತ್ತು ಭಾಷಾಶಾಸ್ತ್ರಗಳು ಒಂದೇ ಕಲ್ಲಿನ ಮುಂದೆ ಕೂಡಿದಾಗ ಒಂದೊಂದರ ಪ್ರಮಾಣವನ್ನೂ ಅದರದೇ ಕಟ್ಟುನಿಟ್ಟಿನಿಂದ ಪರೀಕ್ಷಿಸಬೇಕಾಗಿತ್ತು. ಎರಡು ಪಕ್ಷಗಳಲ್ಲಿಯೂ ಆ ಕೆಲಸ ಅರ್ಧಕ್ಕೆ ನಿಂತಿದೆ.

ಮೊದಲಿಗೆ ಪೂರ್ವಪಕ್ಷದ ಬಲವನ್ನು ಹೇಳಬೇಕು. ಜೊಹಾನೆಸೆನ್ ಮತ್ತು ಪಾರ್ಕರ್ ಅವರು ಬರಿಯ ಹೋಲಿಕೆಯಿಂದ ತೃಪ್ತರಾದವರಲ್ಲ. ಕಾಳುಗಳ ಜೋಡಣೆ, ತೆನೆಯ ಅಳತೆ, ಸಿಪ್ಪೆಯಂತೆ ಕಾಣುವ ಹೊದಿಕೆ ಇವುಗಳನ್ನು ಗಮನಿಸಿ, ಆಕಾರಗಳಲ್ಲಿರುವ ವೈವಿಧ್ಯವನ್ನೇ ಮುಖ್ಯ ಸಾಕ್ಷ್ಯವಾಗಿ ಮುಂದಿಟ್ಟರು. ಕೇವಲ ಸಂಪ್ರದಾಯದಿಂದ ಬಂದ ಅಲಂಕಾರವಾಗಿದ್ದರೆ ಎಲ್ಲವೂ ಒಂದೇ ಅಚ್ಚಿನಲ್ಲಿರಬೇಕಿತ್ತು, ಶಿಲ್ಪಿಯು ನಿಜವಾದ ತೆನೆಗಳನ್ನು ನೋಡಿಯೇ ಕಡೆದಿರಬೇಕು ಎಂಬುದು ಅವರ ತರ್ಕ. ಆದರೆ ಹೊಯ್ಸಳ ಶಿಲ್ಪದ ಪರಿಚಯವುಳ್ಳ ಯಾರಿಗಾದರೂ ಇಲ್ಲೊಂದು ತೊಡಕು ಕಾಣುತ್ತದೆ. ಮೆದುವಾದ ಬಳಪದ ಕಲ್ಲಿನಲ್ಲಿ ಆ ಶಿಲ್ಪಿಗಳು ಕಿರೀಟ, ಕಂಠೀಹಾರ, ಕಟಿಸೂತ್ರ ಯಾವುದನ್ನೂ ಮುತ್ತಿನ ಸಾಲಿಲ್ಲದೆ ಬಿಟ್ಟವರಲ್ಲ. ಪಕ್ಕಪಕ್ಕದ ಎರಡು ವಿಗ್ರಹಗಳ ಹಾರಗಳಲ್ಲಿಯೂ ವೈವಿಧ್ಯವಿದೆ. ಮುತ್ತು ಪೋಣಿಸುವುದು ಆ ಉಳಿಯ ಅಭ್ಯಾಸ. ಹೀಗಿರುವಲ್ಲಿ ವೈವಿಧ್ಯವು ನಿಸರ್ಗದಿಂದ ಬಂದಿತೋ ಕೈಚಳಕದಿಂದ ಬಂದಿತೋ ಎಂದು ನಿರ್ಣಯಿಸುವುದು ಹೇಗೆ? ಸಸ್ಯಶಾಸ್ತ್ರದಲ್ಲಿ ಇದಕ್ಕೊಂದು ಪರೀಕ್ಷೆಯುಂಟು: ಮೆಕ್ಕೆಜೋಳದ ತೆನೆಯಲ್ಲಿ ಕಾಳಿನ ಸಾಲುಗಳು ಸಾಮಾನ್ಯವಾಗಿ ಸಮಸಂಖ್ಯೆಯಲ್ಲಿರುತ್ತವೆ, ಏಕೆಂದರೆ ಅಲ್ಲಿ ಹೂಗಳು ಜೋಡಿಜೋಡಿಯಾಗಿ ಹುಟ್ಟುತ್ತವೆ. ಭಿತ್ತಿಗೆ ಅಂಟಿದ ಉಬ್ಬುಶಿಲ್ಪದಲ್ಲಿ ಹಿಂಬದಿಯ ಸಾಲುಗಳೇ ಇಲ್ಲವಾದ್ದರಿಂದ ಆ ಪರೀಕ್ಷೆ ಇಲ್ಲಿ ನಡೆಯದು. ಇಂದು ಗಣಕಯಂತ್ರದ ಕಣ್ಣಿನಿಂದ ಕಲ್ಲನ್ನು ಮೂರು ಆಯಾಮಗಳಲ್ಲಿ ಅಳೆಯಬಹುದು; ಅದರಿಂದ ಹೋಲಿಕೆ ಇನ್ನಷ್ಟು ನಿಖರವಾದೀತು, ಆದರೆ ಹೋಲಿಕೆಯು ಗುರುತಾಗಿ ಮಾರ್ಪಡದು.

ಉತ್ತರಪಕ್ಷದ ದೌರ್ಬಲ್ಯ ಬೇರೆ ಬಗೆಯದು. 'ಮುಕ್ತಾಫಲ' ಎಂದರೆ ಸಂಸ್ಕೃತದಲ್ಲಿಯೂ ಹಳಗನ್ನಡದಲ್ಲಿಯೂ ಸಾಮಾನ್ಯವಾಗಿ ಮುತ್ತು, ಅಷ್ಟೇ. ಅದನ್ನು ಮುತ್ತುಗಳ ಫಲವೆಂದು ಬಿಡಿಸಿ, ಕೈಯಲ್ಲಿ ಹಿಡಿಯುವ ಲಾಂಛನವನ್ನಾಗಿ ಮಾಡಬೇಕಾದರೆ ಆ ವಿಗ್ರಹಗಳ ಲಕ್ಷಣ ಹೇಳುವ ಗ್ರಂಥದ ಆಧಾರ ಬೇಕು. ದೇವತೆಗಳ ಕೈಯಲ್ಲಿ ಮಾದಲ ಹಣ್ಣು ಇರುವುದಕ್ಕೆ ಅಂಥ ಆಧಾರವುಂಟು. ಕೊಲ್ಲಾಪುರದ ಮಹಾಲಕ್ಷ್ಮಿಯ ಕೈಯಲ್ಲಿರುವ ಮಾತುಲುಂಗವನ್ನು ಅರಿಯದವರಿಲ್ಲ. ಮಾದಲದ ಉಬ್ಬುತಗ್ಗಿನ ಸಿಪ್ಪೆ ಶಿಲ್ಪಿಯ ಕೈಯಲ್ಲಿ ಮುತ್ತಿನ ಸಾಲಾಯಿತೆಂದು ಊಹಿಸುವುದು ನಮಗೆ ಹೆಚ್ಚು ಸಹಜವಾಗಿ ತೋರುತ್ತದೆ. ಇದೂ ಊಹೆಯೇ.

ಇನ್ನು ಕನ್ನಡದ ಸಾಕ್ಷ್ಯ. ಗಿಡಗಳ ವಿಷಯದಲ್ಲಿ ಹೆಸರು ಉಳಿದು ವಸ್ತು ಬದಲಾಗುವುದುಂಟು. ಶಾಸನಗಳಲ್ಲಿ ಸುಂಕದ ಸರಕಾಗಿ ಬರುವ 'ಮೆಣಸು' ಕರಿಮೆಣಸು. ಅಮೆರಿಕದಿಂದ ಬಂದ ಖಾರದ ಕಾಯಿ ಆ ಹೆಸರನ್ನು ಎರವಲು ಪಡೆದು ಮೆಣಸಿನಕಾಯಿಯಾಯಿತು. 'ಗೆಣಸು' ಎಂಬುದು ನಾಡಿನ ಗಡ್ಡೆಗಳಿಗೆ ಇದ್ದ ಹಳೆಯ ಮಾತು. ಇಂದು ಅದನ್ನು ಕೇಳಿದೊಡನೆ ನೆನಪಾಗುವ ಸಿಹಿಗೆಣಸು ಅಮೆರಿಕದ್ದು. 'ಮೆಕ್ಕೆ' ಇನ್ನೂ ಅಪಾಯಕಾರಿ. ಸೌತೆಯ ಜಾತಿಯ ಒಂದು ಬಳ್ಳಿಗೂ ಅದರ ಕಾಯಿಗೂ ಕನ್ನಡದಲ್ಲಿ ಅದೇ ಹೆಸರಿದೆ. ಹಳೆಯ ಕಾವ್ಯವೊಂದರಲ್ಲಿ 'ಮೆಕ್ಕೆ' ಕಂಡಿತೆಂದು ಯಾರಾದರೂ ಸಂಭ್ರಮಿಸುವ ಮೊದಲು ಅದು ಬಳ್ಳಿಯಲ್ಲಿ ಬಿಡುತ್ತದೆಯೇ ದಂಟಿನಲ್ಲಿ ಬಿಡುತ್ತದೆಯೇ ಎಂದು ನೋಡಬೇಕು. ಮುಸುಕಿನ ಜೋಳ, ಗೋವಿನ ಜೋಳ, ಮೆಕ್ಕೆಜೋಳ: ಮೂರೂ 'ಜೋಳ'ಕ್ಕೆ ವಿಶೇಷಣ ಕೂಡಿಸಿ ಮಾಡಿದ ಹೆಸರುಗಳು. ಮೊದಲೇ ಬಲ್ಲ ಧಾನ್ಯಕ್ಕೆ ಹೋಲಿಸಿ, ಆಮೇಲೆ ಬಂದದ್ದನ್ನು ಹೀಗೆ ಕರೆಯುವುದು ನಮ್ಮ ಜನರ ರೂಢಿ. ಬಿಳಿಜೋಳವಾದರೋ ಇಲ್ಲಿ ಎಷ್ಟು ಬೇರುಬಿಟ್ಟಿತ್ತೆಂದರೆ, ಅನ್ನವಿಟ್ಟ ಒಡೆಯನ ಋಣ ತೀರಿಸುವ ಕಟ್ಟುಪಾಡಿಗೆ ಹಳಗನ್ನಡದಲ್ಲಿ 'ಜೋಳವಾಳಿ' ಎಂಬ ಹೆಸರೇ ಹುಟ್ಟಿತು.

ಆರ್ಥಿಕ ಇತಿಹಾಸದ ಪ್ರಶ್ನೆ ಇಲ್ಲಿಯೇ ಏಳುತ್ತದೆ. ಮೆಕ್ಕೆಜೋಳವು ತಾನಾಗಿ ಬೀಜ ಚೆಲ್ಲಿ ಬೆಳೆಯುವ ಗಿಡವಲ್ಲ. ಮುಸುಕಿನೊಳಗಿನ ಕಾಳನ್ನು ಮನುಷ್ಯನೇ ಬಿಡಿಸಿ ಬಿತ್ತಬೇಕು. ಶಿಲ್ಪಿಗಳಿಗೆ ಅದು ತಲೆಮಾರುಗಳುದ್ದಕ್ಕೂ ಕಣ್ಣೆದುರಿಗಿತ್ತೆಂದರೆ ರೈತರು ವರ್ಷವರ್ಷವೂ ಬಿತ್ತುತ್ತಿದ್ದರೆಂದೇ ಅರ್ಥ. ಬಿತ್ತಿದ್ದನ್ನು ಅಳೆಯುತ್ತಿದ್ದರು, ತೆರಿಗೆಗೆ ಎಣಿಸುತ್ತಿದ್ದರು. ಅಡಕೆ, ಎಲೆ, ಎಣ್ಣೆಗಳನ್ನು ಲೆಕ್ಕವಿಡುವ ಶಾಸನಗಳು ಈ ಧಾನ್ಯದ ಬಗ್ಗೆ ಮೌನವಾಗಿರುವುದೇಕೆ? ಮೌನವನ್ನು ಪ್ರಮಾಣವಾಗಿ ಬಳಸುವುದರಲ್ಲಿ ಅಪಾಯವಿದೆ, ನಾವು ಬಲ್ಲೆವು. ಆದರೆ ಕಮರಿದ ಕಾಳು, ಪರಾಗ, ದಂಟು ಯಾವುದೂ ಆ ಕಾಲದ ನಿಸ್ಸಂದಿಗ್ಧ ಮಣ್ಣಿನ ಪದರದಲ್ಲಿ ದೊರೆಯದಿರುವಾಗ ಶಾಸನದ ಮೌನಕ್ಕೆ ತೂಕ ಬರುತ್ತದೆ.

ಇದನ್ನು ಕೊಲಂಬಸನ ಮೇಲಿನ ಅಂಧಶ್ರದ್ಧೆಯೆಂದು ತಳ್ಳಿಹಾಕುವವರು ಸಿಹಿಗೆಣಸಿನ ಕಥೆಯನ್ನು ಗಮನಿಸಬೇಕು. ಪೆಸಿಫಿಕ್ ಸಾಗರದ ಮಂಗಾಯಿಯ ದ್ವೀಪದಲ್ಲಿ ದೊರೆತ ಕಮರಿದ ಗೆಡ್ಡೆಯ ಚೂರುಗಳನ್ನು ಹೇದರ್ ಮತ್ತು ಕರ್ಚ್ ಎಂಬ ವಿದ್ವಾಂಸರು 1991ರಲ್ಲಿ ಪ್ರಕಟಿಸಿದಾಗ, ಅದು ಕೊಲಂಬಸನಿಗೆ ಮುಂಚೆಯೇ ಪಾಲಿನೇಶಿಯವನ್ನು ಮುಟ್ಟಿತ್ತೆಂಬುದಕ್ಕೆ ಬಲವಾದ ಆಧಾರ ಒದಗಿತು. ಅಲ್ಲಿನ 'ಕುಮರ' ಎಂಬ ಹೆಸರಿಗೂ ಆಂಡೀಸ್ ಪ್ರದೇಶದ ಹೆಸರಿಗೂ ಇರುವ ಸಾಮ್ಯವನ್ನು ಮೊದಲಿನಿಂದಲೇ ಗುರುತಿಸಿದ್ದರು. ಮಣ್ಣು ಮಾತಿಗೆ ಸಾಕ್ಷಿ ನುಡಿಯಿತು; ವಿದ್ವತ್‌ಲೋಕ ಒಪ್ಪಿತು.

ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಬೋಧಿಸುತ್ತಲೇ 'ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ', 'ಶಾಸನಗಳಲ್ಲಿ ಗಿಡಮರಗಳು' ಎಂಬ ಎರಡು ಕೃತಿಗಳನ್ನೂ ಬರೆದ ಬಿ.ಜಿ.ಎಲ್. ಸ್ವಾಮಿಯವರು 1980ರಲ್ಲಿಯೇ ತೀರಿಕೊಂಡರು. ಈ ವಿವಾದ ಅವರ ಕೈಗೆ ಸಿಗಲಿಲ್ಲ. ಸೂಕ್ಷ್ಮದರ್ಶಕವನ್ನೂ ಶಾಸನಪಾಠವನ್ನೂ ಒಂದೇ ಮೇಜಿನ ಮೇಲೆ ಇಟ್ಟುಕೊಂಡಿದ್ದವರು ಕನ್ನಡದಲ್ಲಿ ಬೇರೊಬ್ಬರಿದ್ದರೆಂದು ಹೇಳುವುದು ಕಷ್ಟ.

ಅವರ ದಾರಿಯಲ್ಲಿ ಕೈಗೊಳ್ಳಬಹುದಾದ ಸಣ್ಣ ಕೆಲಸವೊಂದಿದೆ. 1564ರಲ್ಲಿ ತೀರಿಕೊಂಡರೆನ್ನಲಾದ ಪುರಂದರದಾಸರ ಹೆಸರಿನಲ್ಲಿ ಮೆಣಸಿನಕಾಯಿಯ ಕೀರ್ತನೆಯೊಂದು ಪ್ರಚಲಿತವಾಗಿದೆ. ಆ ಕಾಯಿ ದಕ್ಷಿಣ ಭಾರತಕ್ಕೆ ಬಂದ ಕಾಲವನ್ನು ಹೇಳುವಾಗ ಆಹಾರ ಚರಿತ್ರೆಕಾರರು ಈ ಹಾಡನ್ನು ಸಾಕ್ಷಿಗೆ ಕರೆಯುತ್ತಾರೆ. ದಾಸರ ಪದಗಳು ಬಾಯಿಂದ ಬಾಯಿಗೆ ಬಂದವು. ಅಂಕಿತವೊಂದೇ ಕಾಲನಿರ್ಣಯಕ್ಕೆ ಸಾಲದು. ಈ ಕೀರ್ತನೆ ಮೊದಲು ಕಾಣಿಸಿಕೊಳ್ಳುವುದು ಯಾವ ಹಸ್ತಪ್ರತಿಯಲ್ಲಿ, ಆ ಪ್ರತಿಯ ಕಾಲ ಯಾವುದು, ಅಲ್ಲಿಯೂ ಪಾಠ ಹೀಗೆಯೇ ಇದೆಯೇ ಎಂಬುದನ್ನು ಹೊರನಾಡಿನ ಹಸ್ತಪ್ರತಿ ಭಂಡಾರಗಳ ಸಮೀಪದಲ್ಲಿರುವ ನಮ್ಮ ಓದುಗರು ಪರಿಶೀಲಿಸಿ ಬರೆದರೆ ಅದನ್ನು ಈ ಪುಟಗಳಲ್ಲಿಯೇ ಚರ್ಚಿಸಬಹುದು.